ಸಾಸು ಟಾಪಿಂಗು ಆಮೇಲೆ, ಮೊದ್ಲು ಹಿಟ್ಟಿನ ಹದ ನೋಡಿ: ಬೇರೆ ಬೇರೆ ದೇಶದ ಊಟಗಳ ಬಗ್ಗೆ ನನ್ನ ರಿವ್ಯೂ

ಪಿಜ್ಜಾ ಟೇಬಲ್‌ಗೆ ಬಂದ ತಕ್ಷಣ ನಾನೀಗ ಮೊದ್ಲು ಮಾಡೋ ಕೆಲ್ಸ ಅಂದ್ರೆ ಅಂಚು ಮುರಿದು ಒಳಗಡೆ ನೋಡೋದು, ಆಮೇಲೆ ಚೀಸು ಸಾಸು ಏನೂ ತಾಗದೇ ಇರೋ ಆ ಅಂಚನ್ನೇ ಒಂದು ತುತ್ತು ತಿನ್ನೋದು. ಅದು ರುಚಿಯಾಗಿದ್ರೆ ಉಳಿದಿದ್ದೂ ಚೆನ್ನಾಗಿರತ್ತೆ, ಅದೇ ಸಪ್ಪೆ ಅಂದ್ರೆ ಮೇಲೆ ಎಷ್ಟು ಹೇರಿದ್ರೂ ಪ್ರಯೋಜನ ಇಲ್ಲ. ಕೆಲವು ವರ್ಷಗಳಿಂದ ಬೇರೆ ಬೇರೆ ದೇಶದ ಅಡುಗೆ ಎಲ್ಲಿ ಸಿಗತ್ತೆ ಅಂತ ಹುಡುಕ್ಕೊಂಡು ಹೋಗಿ ತಿಂತಾ ಬಂದಿದೀನಿ, ಶುರುವಲ್ಲಿ ಮೆನು ಕಾರ್ಡಲ್ಲಿ ಮಾಂಸ ಯಾವ್ದು ಸಾಸ್ ಯಾವ್ದು ಅಂತ ಮಾತ್ರ ನೋಡ್ತಿದ್ದೆ, ಈಗ ನಂಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಊಟ ಯಾವ ದೇಶದ್ದಾದ್ರೂ ಅದರ ಗುಣ ಗೊತ್ತಾಗೋದು ತಳದಲ್ಲಿರೋ ಹಿಟ್ಟಲ್ಲಿ, ಅನ್ನದಲ್ಲಿ, ನೂಡಲ್ಸಲ್ಲಿ.

ಪಿಜ್ಜಾದಿಂದಲೇ ಹೇಳ್ತೀನಿ. ಇಟಲಿಯ ನೇಪಲ್ಸ್ ಊರಿನವ್ರು 1984ರಲ್ಲಿ ಒಂದು ಸಂಘ ಕಟ್ಕೊಂಡು ಅಸಲಿ ಪಿಜ್ಜಾ ಹೇಗಿರ್ಬೇಕು ಅಂತ ನಿಯಮಾನೇ ಬರೆದಿಟ್ಟಿದಾರೆ. ಕಣಕಕ್ಕೆ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಷ್ಟೇ, ಎಣ್ಣೆ ಇಲ್ಲ ಸಕ್ಕರೆ ಇಲ್ಲ, ಗಂಟೆಗಟ್ಟಲೆ ಹುದುಗಕ್ಕೆ ಬಿಟ್ಟು ಕೈಯಲ್ಲೇ ತಟ್ಟಿ ಸೌದೆ ಒಲೆಯಲ್ಲಿ ಬರೀ 60ರಿಂದ 90 ಸೆಕೆಂಡ್ ಬೇಯಿಸ್ತಾರೆ. ಒಲೆ 400 ಡಿಗ್ರಿಗಿಂತ ಮೇಲೆ ಕಾದಿರೋದ್ರಿಂದ ಹಿಟ್ಟಿನೊಳಗಿನ ನೀರು ಪೂರ್ತಿ ಆರೋಕ್ ಮುಂಚೆನೇ ಹೊರಗಡೆ ಬೆಂದು ಕಪ್ಪು ಚುಕ್ಕೆ ಬಿದ್ದಿರತ್ತೆ, ಅದಕ್ಕೇ ಅಂಚು ಉಬ್ಬಿ ಹಗುರ ಇದ್ರೂ ನಡು ಮಾತ್ರ ಮೆತ್ತಗೆ ಒದ್ದೆ ಒದ್ದೆ. ಮೊದಲ ಸಲ ತಿಂದೋರು "ಇದು ಸರಿಯಾಗಿ ಬೆಂದಿಲ್ಲ ಕಣೋ" ಅಂತಾರೆ, ನನ್ನ ಸ್ನೇಹಿತನೂ ಅಂದಿದ್ದ, ಆದ್ರೆ ಅದು ಇರೋದೇ ಹಾಗೆ, ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡ್ಕೊಂಡು ತಿನ್ನೋ ಅಷ್ಟು ಮೆತ್ತಗಿರ್ಬೇಕು. ನಾನಂತೂ ಮಾರ್ಗೆರಿಟಾ ಬಿಟ್ಟು ಬೇರೆ ತಗೊಳೋದನ್ನೇ ನಿಲ್ಲಿಸಿದೀನಿ, ಟೊಮೇಟೊ, ಮೊಝರೆಲ್ಲಾ, ನಾಲ್ಕು ಬೇಸಿಲ್ ಎಲೆ, ಇಷ್ಟೇ ಇದ್ದಾಗ ಹಿಟ್ಟಿಗೆ ಬಚ್ಚಿಟ್ಕೊಳೋಕೆ ಜಾಗ ಇರಲ್ಲ. ಒಂದು ಕಡೆ ಹೊಗಳಿಕೆ ಕೇಳಿ ಹೋಗಿದ್ದೆ, ಮೇಲೆ ಐದಾರು ಥರ ಮಾಂಸ, ಎರಡು ಥರ ಚೀಸ್, ನೋಡಕ್ಕೆ ಹಬ್ಬ, ಕೆಳಗಡೆ ಮಾತ್ರ ರೆಡಿಮೇಡ್ ಬೇಸು, ಒಣ ರಟ್ಟು. ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಅಂತಾರಲ್ಲ, ಅದೇ. ಅರ್ಧ ತಿಂದು ಬಿಟ್ಟೆ, ಬೇಜಾರಾಯ್ತು.

ಆದ್ರೆ ತಳ ಅನ್ನೋದು ಎಷ್ಟು ದೊಡ್ಡ ವಿಷ್ಯ ಅಂತ ನಂಗೆ ನಿಜವಾಗ್ಲೂ ಅರ್ಥ ಆಗಿದ್ದು ಮೆಕ್ಸಿಕೋದ ಟಾಕೋ, ಅಂದ್ರೆ ಪುಟ್ಟ ರೊಟ್ಟಿಯಲ್ಲಿ ಮಾಂಸ ಗೀಂಸ ಇಟ್ಟು ಮಡಚಿ ತಿನ್ನೋದು, ಅದನ್ನ ತಿಂದಾಗ. ಪ್ಯಾಕೆಟ್ಟಲ್ಲಿ ಬರೋ ಗರಿಗರಿ ಬಾಗಿದ ಚಿಪ್ಪಿನ ಥರದ್ದನ್ನೇ ಟಾಕೋ ಅಂದ್ಕೊಂಡಿದ್ದೆ. ಅಸಲಿ ಟಾಕೋದ ರೊಟ್ಟಿ, ಟೋರ್ಟಿಯಾ ಅಂತಾರೆ, ಅಂಗೈ ಅಗಲ, ಮೆತ್ತಗೆ, ಬಿಸಿ ಬಿಸಿ, ಮೂಗಿನ ಹತ್ರ ತಂದ್ರೆ ಒಂಥರಾ ಮಣ್ಣಿನ ವಾಸನೆ, ಮಳೆ ಬಂದ ಮೇಲೆ ನೆಲದಿಂದ ಏಳತ್ತಲ್ಲ ಆ ಥರ. ಅದಕ್ಕೆ ಕಾರಣ ಸುಣ್ಣ. ಒಣಗಿದ ಜೋಳನ, ಅಂದ್ರೆ ಮುಸುಕಿನ ಜೋಳನ, ಸುಣ್ಣದ ನೀರಲ್ಲಿ ಕುದಿಸಿ ರಾತ್ರಿಯೆಲ್ಲಾ ನೆನೆಹಾಕಿ ಮೇಲಿನ ಸಿಪ್ಪೆ ತೊಳೆದು ಆಮೇಲೆ ರುಬ್ತಾರೆ, ಹಾಗೆ ಮಾಡಿದ್ರೇನೇ ಹಿಟ್ಟು ಒಂದಕ್ಕೊಂದು ಅಂಟ್ಕೊಂಡು ರೊಟ್ಟಿ ಆಗತ್ತೆ, ಬರೀ ಜೋಳದ ಹಿಟ್ಟಿಗೆ ನೀರು ಹಾಕಿ ಕಲಸಿದ್ರೆ ಬಿರುಕು ಬಿಡತ್ತೆ. ನಿಕ್ಸ್ಟಮಲೈಸೇಷನ್ ಅಂತ ಇದರ ಹೆಸರು, ಸಾವಿರಾರು ವರ್ಷದ ಹಳೇ ಪದ್ಧತಿ. ಇನ್ನೂ ದೊಡ್ಡ ವಿಷ್ಯ ಅಂದ್ರೆ ಜೋಳದಲ್ಲಿರೋ ನಿಯಾಸಿನ್ ಅನ್ನೋ ವಿಟಮಿನ್ ನಮ್ಮ ಮೈಗೆ ಹತ್ತೋದು ಈ ಸುಣ್ಣದ ಸಂಸ್ಕಾರ ಆದ್ಮೇಲೇನೇ. ಯುರೋಪಿನವ್ರು ಅಮೆರಿಕಾ ಖಂಡದಿಂದ ಜೋಳ ತಗೊಂಡು ಹೋದ್ರು ಆದ್ರೆ ಈ ಪದ್ಧತಿ ತಗೊಂಡು ಹೋಗ್ಲಿಲ್ಲ, ಜೋಳ ಒಂದನ್ನೇ ನಂಬಿದ್ದ ಸ್ಪೇನ್, ಇಟಲಿಯ ಬಡವ್ರಿಗೆ ಪೆಲ್ಲಾಗ್ರ ಅಂತ ರೋಗ ಬಂತು, ಚರ್ಮ ಸುಲಿಯೋದು, ಬುದ್ಧಿ ಭ್ರಮಣೆ ಆಗೋದು, ಜನ ಸತ್ತೂ ಹೋದ್ರು. ಇದನ್ನ ಓದಿದ ಮೇಲೆ ಆ ಪುಟ್ಟ ರೊಟ್ಟಿ ಕೈಗೆ ತಗೊಂಡಾಗ ನಂಗೆ ಬರೀ ರುಚಿ ನೆನಪಾಗಲ್ಲ, ಅದನ್ನ ಕಂಡುಹಿಡಿದ ಹೆಂಗಸ್ರು ಯಾರೋ ಏನೋ, ಅವ್ರಿಗೊಂದು ನಮಸ್ಕಾರ ಅನ್ಸತ್ತೆ.

ಟಾಕೋದಲ್ಲಿ ನನ್ನ ಆಯ್ಕೆ ಅಲ್ ಪಾಸ್ತೋರ್. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಬಂದವ್ರು ತಂದ ಶವರ್ಮಾ ಕಡ್ಡೀನೇ ಅಲ್ಲಿ ಹಂದಿ ಮಾಂಸ, ಒಣಮೆಣಸು, ಅನಾನಸ್ ಜೊತೆ ಸೇರ್ಕೊಂಡು ಹಿಂಗಾಗಿದೆ. ಸಾಮಾನ್ಯವಾಗಿ ಎರಡು ರೊಟ್ಟಿ ಒಂದರ ಮೇಲೊಂದು ಇಟ್ಟು ಕೊಡ್ತಾರೆ, ರಸ ಇಳಿದು ಒಂದು ಹರಿದ್ರೂ ಇನ್ನೊಂದು ಹಿಡ್ಕೊಳತ್ತೆ. ನಿಂಬೆ ಹಿಂಡ್ಕೊಂಡು ಎರಡೇ ಬಾಯಿಗೆ ಮುಗಿಸ್ಬೇಕು, ಫೋಟೋ ತೆಗೀತಾ ಕೂತ್ರೆ ರೊಟ್ಟಿ ತಣ್ಣಗಾಗಿ ಚರ್ಮದ ಥರ ಆಗತ್ತೆ.

ಇನ್ನು ಜಪಾನ್. ರಾಮೆನ್, ಅಂದ್ರೆ ಬಿಸಿ ಸಾರಲ್ಲಿ ಹಾಕಿ ಕೊಡೋ ನೂಡಲ್ಸ್, ಅದರ ವಿಷ್ಯದಲ್ಲಿ ಎಲ್ರೂ ಸಾರಿನ ಬಗ್ಗೇನೇ ಮಾತಾಡ್ತಾರೆ, ಒಪ್ತೀನಿ, ಟೊಂಕೊತ್ಸು ಸಾರು ಅಂದ್ರೆ ಹಂದಿ ಮೂಳೆನ ಹತ್ತು ಹನ್ನೆರಡು ಗಂಟೆ ಜೋರಾಗಿ ಕುದಿಸಿ ಕುದಿಸಿ ಹಾಲಿನ ಥರ ಬೆಳ್ಳಗಾಗಿರತ್ತೆ, ತುಟಿಗೆ ತುಟಿ ಅಂಟತ್ತೆ. ಆದ್ರೆ ನೂಡಲ್ಸ್ ನೋಡಿ. ಅದಕ್ಕೆ ಕನ್ಸುಯ್ ಅಂತ ಕ್ಷಾರದ ನೀರು ಹಾಕಿ ಕಲಸ್ತಾರೆ, ಅದ್ರಿಂದಾನೇ ಆ ತಿಳಿ ಹಳದಿ ಬಣ್ಣ, ಹಲ್ಲಿಗೆ ಸಿಕ್ಕಾಗ ಪುಟಿಯೋ ಗುಣ, ಬಿಸಿ ಸಾರಲ್ಲಿ ಬೇಗ ಕರಗದೇ ಇರೋದು ಎಲ್ಲಾ. ಬೇಗ ಅಂದೆ ಅಷ್ಟೇ, ಜಪಾನಿನ ಹಕಾತ ಅನ್ನೋ ಊರಿನ ಕಡೆಯ ಸಣ್ಣ ನೂಡಲ್ಸ್ ಆದ್ರೆ ಐದು ನಿಮಿಷ ಹರಟೆ ಹೊಡೆದ್ರೆ ಮುಗೀತು, ಊದ್ಕೊಳತ್ತೆ. ಅದಕ್ಕೇ ಅಲ್ಲಿ ಮೊದ್ಲೇ ಕಮ್ಮಿ ನೂಡಲ್ಸ್ ಕೊಟ್ಟು ಬೇಕಂದ್ರೆ ಅದೇ ಸಾರಿಗೆ ಇನ್ನೊಂದು ಹಿಡಿ ಹಾಕಿಸ್ಕೊಳೋ ಪದ್ಧತಿ ಇದೆ, ಕಯೆದಾಮ ಅಂತಾರೆ. ನೂಡಲ್ಸ್ ಸ್ವಲ್ಪ ಗಟ್ಟಿಯಾಗೇ ಬೇಕು ಅಂತ ಕೇಳಿ ತಗೊಳಿ, "ಕತ" ಅಂದ್ರೆ ಅವ್ರಿಗೆ ಅರ್ಥ ಆಗತ್ತೆ. ಮತ್ತೆ ರಾಮೆನ್ ಪಾರ್ಸೆಲ್ ತರಿಸ್ಕೊಂಡು ರಿವ್ಯೂ ಬರಿಯೋದು ದಯವಿಟ್ಟು ಬೇಡ, ಅದು ಅಡುಗೆಯವ್ರಿಗೆ ಮಾಡೋ ಅನ್ಯಾಯ.

ಸುಶಿಯಲ್ಲಿ, ಅಂದ್ರೆ ಅನ್ನದ ಉಂಡೆ ಮೇಲೆ ಮೀನಿನ ತುಂಡು ಇಟ್ಟು ಕೊಡೋದ್ರಲ್ಲಿ, ನಾನು ಬಹಳ ದಿನ ತಪ್ಪು ಮಾಡ್ತಿದ್ದೆ, ಅನ್ನದ ಕಡೆನೇ ಸೋಯಾ ಸಾಸಲ್ಲಿ ಅದ್ದಿ ತಿಂತಿದ್ದೆ. ಅನ್ನ ಹೀರ್ಕೊಂಡು ಬಿಚ್ಚಿಹೋಗತ್ತೆ, ಬಾಯಿಗೆ ಬರೀ ಉಪ್ಪು ಸಿಗತ್ತೆ. ಒಂದು ಚಿಕ್ಕ ಕೌಂಟರಲ್ಲಿ ಅಡುಗೆಯವ್ರೇ ತಿರುಗಿಸಿ ಮೀನಿನ ಕಡೆ ಅದ್ದಿ ತೋರಿಸಿದ್ರು, ಅವತ್ತು ಮೊದಲ ಸಲ ಅನ್ನದ ರುಚಿ ಗೊತ್ತಾಯ್ತು: ವಿನೆಗರ್, ಉಪ್ಪು, ಚೂರು ಸಕ್ಕರೆ, ಮೈ ಶಾಖದಷ್ಟೇ ಬೆಚ್ಚಗೆ, ಮೇಲಿನ ಮೀನು ತಣ್ಣಗೆ. ಫ್ರಿಡ್ಜಲ್ಲಿಟ್ಟ ಸುಶಿ ಯಾಕೆ ಚೆನ್ನಾಗಿರಲ್ಲ ಅಂದ್ರೆ ಇದಕ್ಕೇ, ಅನ್ನ ತಣ್ಣಗಾದ್ರೆ ಕಾಳು ಕಾಳು ಗಟ್ಟಿ ಆಗತ್ತೆ, ಮೀನು ಎಷ್ಟು ಫ್ರೆಶ್ ಇದ್ರೂ ಅಷ್ಟೇ. ಹಾಂ, ಪಕ್ಕದಲ್ಲಿಡೋ ವಸಾಬಿ ಅನ್ನೋ ಘಾಟಿನ ಹಸಿರು ಪೇಸ್ಟು ಬಹಳಷ್ಟು ಕಡೆ ಹಾರ್ಸ್‌ರ‍್ಯಾಡಿಶ್ ಅನ್ನೋ ಬೇರೆ ಬೇರಿಗೆ ಬಣ್ಣ ಹಾಕಿರೋದು, ಅಸಲಿ ವಸಾಬಿ ಗೆಡ್ಡೆ ಕಣ್ಣೆದುರಿಗೇ ತುರಿದು ಕೊಟ್ರೆ ಬೇಗ ತಿನ್ನಿ, ಸ್ವಲ್ಪ ಹೊತ್ತಿಗೆ ಘಮ ಹೋಗಿಬಿಡತ್ತೆ.

ನನ್ನ ಈ ತಳದ ಲೆಕ್ಕಕ್ಕೆ ಸಿಗದೇ ಇರೋದು ಒಂದಿದೆ, ಚೀನಾದ ಸಿಚುವಾನ್ ಪ್ರಾಂತ್ಯದ ಮಾಪೋ ತೋಫು, ಅಂದ್ರೆ ಸೋಯಾ ಪನೀರ್ ಹಾಕಿದ ಖಾರದ ಗೊಜ್ಜು. ಇಲ್ಲಿ ಅನ್ನ ಪಕ್ಕದಲ್ಲಿ ಸುಮ್ನೆ ಇರತ್ತೆ, ಆಟ ಎಲ್ಲಾ ಸಿಚುವಾನ್ ಪೆಪ್ಪರ್‌ದು. ಅದು ಖಾರ ಅಲ್ಲ, ಅದರಲ್ಲಿರೋ ಸ್ಯಾನ್‌ಶೂಲ್ ಅನ್ನೋ ಅಂಶ ಮುಟ್ಟಿದ್ದನ್ನ ತಿಳಿಸೋ ನರಗಳನ್ನೇ ಕೆಣಕತ್ತೆ, ಅದಕ್ಕೇ ತುಟಿ ನಾಲಿಗೆ ಜುಂ ಅಂತ ಅದುರಿದ ಹಾಗೆ ಅನ್ಸೋದು. ಆ ಜುಂ ಜೊತೆಗೆ ಹುದುಗಿಸಿದ ಅವರೆ ಜಾತಿ ಕಾಳು ಮತ್ತೆ ಮೆಣಸಿನ ದೋಬಾನ್‌ಜಿಯಾಂಗ್ ಪೇಸ್ಟು, ಮಧ್ಯೆ ಮೆತ್ತನೆ ತೋಫು ಹಾಗೇ ಜಾರಿ ಹೋಗತ್ತೆ. ಮೊದಲ ಎರಡು ಚಮಚಕ್ಕೆ ಹೆದ್ರಿದ್ದೆ, ಮೂರನೇದಕ್ಕೆ ಬಿಡಕ್ಕಾಗ್ಲಿಲ್ಲ. ಸಸ್ಯಾಹಾರಿಗಳು ಕೇಳಿ ತಗೊಳಿ, ಸಾಂಪ್ರದಾಯಿಕವಾಗಿ ಮಾಂಸದ ಕೈಮಾ ಹಾಕ್ತಾರೆ.

ಸ್ಪೇನಿನ ವಲೆನ್ಸಿಯಾದ ಪಾಯೆಯ್ಯಾ ಅನ್ನೋ ಅನ್ನದ ಬಗ್ಗೆ ಒಂದೇ ಮಾತು, ತಳ ಕೆರೆದು ತಿನ್ನಿ. ಅಗಲ ಬಾಣಲೆಯಲ್ಲಿ ಅಕ್ಕಿ ತೆಳ್ಳಗೆ ಹರಡಿ ಕೈಯಾಡಿಸದೇ ಬೇಯಿಸೋದು ಆ ತಳ ಹಿಡಿದ ಪದರಕ್ಕೋಸ್ಕರಾನೇ, ಸೊಕರಾತ್ ಅಂತಾರೆ, ಟೇಬಲ್ಲಲ್ಲಿ ಜನ ಜಗಳ ಆಡೋದು ಅದಕ್ಕೇನೇ. ಉತ್ತರ ಆಫ್ರಿಕಾದ ಕೂಸ್‌ಕೂಸ್, ಗೋಧಿ ರವೆಯಿಂದ ಮಾಡೋ ಪುಟ್ಟ ಕಾಳುಗಳು, ನಂಗೆ ಎರಡು ಸಲ ನಿರಾಸೆ ಮಾಡಿತ್ತು, ಬಿಸಿನೀರು ಸುರಿದು ಮುಚ್ಚಿಟ್ಟಿದ್ದು, ಮರಳಿನ ಥರ. ಮೂರನೇ ಸಲ ಹಬೆಯಲ್ಲಿ ಮತ್ತೆ ಮತ್ತೆ ಬೇಯಿಸಿ ಪ್ರತಿ ಸಲಾನೂ ಕೈಯಲ್ಲಿ ಬಿಡಿಸಿ ಮಾಡಿದ್ದು ಸಿಕ್ತು, ಹತ್ತಿ ಥರ ಹಗುರ, ಒಂದೊಂದು ಕಾಳೂ ಬೇರೆ ಬೇರೆ. ಅಲ್ಜೀರಿಯಾ, ಮೊರಾಕೊ, ಟುನೀಸಿಯಾ, ಮಾರಿಟೇನಿಯಾ ನಾಲ್ಕೂ ದೇಶ ಒಟ್ಟಿಗೆ ಸೇರಿ 2020ರಲ್ಲಿ ಇದನ್ನ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆ ಪಟ್ಟಿಗೆ ಯಾಕೆ ಸೇರಿಸಿದ್ವು ಅಂತ ಆ ತಟ್ಟೆ ನೋಡಿದ್ಮೇಲೆ ಗೊತ್ತಾಯ್ತು.

ಎಲ್ಲದಕ್ಕಿಂತ ನಂಗೆ ಮನಸ್ಸಿಗೆ ಹತ್ತಿರ ಆಗಿರೋದು ಇಥಿಯೋಪಿಯಾದ ಊಟ. ಇಂಜೆರಾ ಅಂದ್ರೆ ಅಲ್ಲಿ ರೊಟ್ಟಿಯೂ ಅದೇ, ತಟ್ಟೆಯೂ ಅದೇ, ಚಮಚಾನೂ ಅದೇ. ಗಸಗಸೆಯಷ್ಟು ಸಣ್ಣ ಇರೋ ಟೆಫ್ ಅನ್ನೋ ಕಾಳಿನ ಹಿಟ್ಟನ್ನ ಎರಡು ಮೂರು ದಿನ ಹುಳಿ ಬರಿಸಿ ದೊಡ್ಡ ಹೆಂಚಿನ ಮೇಲೆ ಹುಯ್ದು ಒಂದೇ ಕಡೆ ಬೇಯಿಸ್ತಾರೆ, ಮೇಲ್ಗಡೆ ತುಂಬಾ ಕಣ್ಣು ಕಣ್ಣು, ರಸ ಹೀರ್ಕೊಳೋಕೆ ಅಂತಾನೇ ಇರೋ ಹಾಗೆ. ಆ ಹುಳಿ ಮೊದಲ ಸಲ ಜಾಸ್ತಿ ಅನ್ಸಬಹುದು, ಆದ್ರೆ ದೋರೊ ವತ್ ಅನ್ನೋ ಸಾರಿನ ಜೊತೆ ತಿಂದ್ರೆ ಯಾಕೆ ಬೇಕು ಅಂತ ತಿಳಿಯತ್ತೆ. ಈರುಳ್ಳಿನ ಮೊದ್ಲು ಎಣ್ಣೆ ಹಾಕದೇನೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಾಡಿಸಿ, ಮಸಾಲೆ ತುಪ್ಪ, ಬೆರ್ಬೆರೆ ಅನ್ನೋ ಖಾರದ ಮಸಾಲೆ ಪುಡಿ ಹಾಕಿ ಮಾಡಿರೋ ಕೋಳಿ ಸಾರು ಅದು, ಒಳಗೆ ಇಡೀ ಬೇಯಿಸಿದ ಮೊಟ್ಟೆ, ಅಷ್ಟು ಖಾರ ಜಿಡ್ಡಿಗೆ ಈ ಹುಳಿ ಇಲ್ದೇ ಇದ್ರೆ ನಾಲ್ಕು ತುತ್ತಿಗೆ ಸಾಕಾಗತ್ತೆ. ಮಾಂಸ ತಿನ್ನದವ್ರಿಗೂ ಇಲ್ಲಿ ಕೊರತೆ ಇಲ್ಲ, ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರ ಉಪವಾಸದ ಊಟ ಮಾಡ್ತಾರೆ, ಅದರಲ್ಲಿ ಮಾಂಸ ಹಾಲು ಬೆಣ್ಣೆ ಏನೂ ಇಲ್ಲ, ಬೇಳೆ, ಸೊಪ್ಪು, ಕಡಲೆ ಹಿಟ್ಟಿನ ಶಿರೋ ಅಂತ ಎಷ್ಟೋ ಇದೆ, ಮೆನುವಲ್ಲಿ ಬೆಯಾಯ್ನೆತು, ಅಂದ್ರೆ ಇವೆಲ್ಲಾ ಒಂದೇ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಬರೋ ಊಟ, ಅಂತ ಇದ್ರೆ ಕಣ್ಣು ಮುಚ್ಚಿ ತಗೊಳಿ. ಒಂದು ಎಚ್ಚರಿಕೆ, ಟೆಫ್‌ನಲ್ಲಿ ಗ್ಲೂಟೆನ್, ಅಂದ್ರೆ ಗೋಧಿಯಲ್ಲಿರೋ ಅಂಟಿನ ಪ್ರೋಟೀನ್, ಇಲ್ಲ ನಿಜ, ಆದ್ರೆ ಎಷ್ಟೋ ಹೋಟೆಲಲ್ಲಿ ಗೋಧಿನೋ ಬಾರ್ಲಿನೋ ಬೆರೆಸಿರ್ತಾರೆ, ಗೋಧಿ ಆಗದೇ ಇರೋರು ಬಾಯಿಬಿಟ್ಟು ಕೇಳಲೇಬೇಕು.

ನಾವು ನಾಲ್ಕು ಜನ ಒಂದೇ ತಟ್ಟೆಗೆ ಕೂತಿದ್ವಿ. ಪಕ್ಕದ ಟೇಬಲ್ಲಲ್ಲಿ ಒಬ್ಬ ಅಜ್ಜಿ ತುತ್ತು ಸುತ್ತಿ ಮಗನ ಬಾಯಿಗೆ ಇಡ್ತಿದ್ರು, ಗುರ್ಶಾ ಅಂತಾರಂತೆ, ಪ್ರೀತಿ ಇರೋರಿಗೆ ಕೊಡೋ ತುತ್ತು. ಎಲ್ಲಾ ಮುಗಿದ್ಮೇಲೆ ನಾನು ಕೈ ತೊಳೆಯಕ್ಕೆ ಎದ್ದೆ, ಬಡಿಸಿದವ್ರು ತಡೆದು "ಊಟ ಇನ್ನೂ ಇದೆಯಲ್ಲ" ಅಂದ್ರು. ನೋಡಿದ್ರೆ ತಟ್ಟೆಯಲ್ಲಿ ಹಾಸಿದ್ದ ಇಂಜೆರಾ, ಅಷ್ಟು ಹೊತ್ತು ಎಲ್ಲಾ ಸಾರಿನ ರಸ ಕುಡ್ಕೊಂಡು ಕೆಂಪಾಗಿ ಭಾರ ಆಗಿತ್ತು. ಮತ್ತೆ ಕೂತ್ವಿ, ನಾಲ್ಕು ಕಡೆಯಿಂದ ಕಿತ್ಕೊಂಡು ಕಿತ್ಕೊಂಡು ತಿಂದ್ವಿ, ಬರೀ ಖಾಲಿ ತಟ್ಟೆ ಉಳೀತು.