ಹಲ್ಲಿನ ಚಿಕಿತ್ಸೆಗೆ ಹೊರದೇಶಕ್ಕೆ: ಮೆಟ್ರೋನಾ, ಟ್ಯಾಕ್ಸಿನಾ?

ಅಲ್ಲಿ ಹೋಟೆಲ್ಲಿನಿಂದ ಕ್ಲಿನಿಕ್ಕಿಗೆ ಹೇಗೆ ಓಡಾಡೋದು? ಆ ದಿನ ಬಾಯಿಗೆ ಏನು ಮಾಡುತ್ತಾರೆ ಅನ್ನೋದನ್ನು ಮೊದಲು ನೋಡಿ.

ಬರೀ ತಪಾಸಣೆ, ಎಕ್ಸ್‌ರೇ, ಅಳತೆ ಅಂದರೆ ಮೆಟ್ರೋ ಸಾಕು. ಖರ್ಚು ಕಡಿಮೆ, ಟ್ರಾಫಿಕ್ ಕಾಟ ಇಲ್ಲ. ಬಸ್ಸೂ ಅಗ್ಗವೇ, ಆದರೆ ಭಾಷೆ ಬಾರದ ಊರಲ್ಲಿ ಇಳಿಯುವ ಸ್ಟಾಪ್ ತಪ್ಪಿಹೋಗೋದು ಜಾಸ್ತಿ.

ಹಲ್ಲು ಕಿತ್ತ ದಿನ, ಇಂಪ್ಲಾಂಟ್ (ದವಡೆಯೊಳಗಿನ ಕೃತಕ ಬೇರು) ಕೂರಿಸಿದ ದಿನ ಲೆಕ್ಕವೇ ಬೇರೆ. ಇಂಜೆಕ್ಷನ್ನಿನಿಂದ ತುಟಿ, ನಾಲಿಗೆ ಸಾಮಾನ್ಯವಾಗಿ 2ರಿಂದ 4 ಗಂಟೆ ಮರಗಟ್ಟಿರುತ್ತದೆ. ರಕ್ತ ನಿಲ್ಲಲು ಇಟ್ಟ ಗಾಜ್ ಬಟ್ಟೆ ಕಚ್ಚಿಕೊಂಡು ದಾರಿ ಕೇಳೋಕಾಗುತ್ತಾ? ಆಗ ಆ್ಯಪ್ ಟ್ಯಾಕ್ಸಿಯೇ ಮೇಲು. ವಿಳಾಸ ಮೊದಲೇ ಹಾಕಿರುತ್ತೀರಿ, ದರವೂ ಸಾಮಾನ್ಯವಾಗಿ ಮುಂಚೆಯೇ ಕಾಣುತ್ತದೆ, ಮಾತು ಬೇಕಿಲ್ಲ. ರಸ್ತೆಯಲ್ಲಿ ಕೈ ಮಾಡಿ ನಿಲ್ಲಿಸುವ ಟ್ಯಾಕ್ಸಿಯಾದರೆ, ಹೋಟೆಲ್ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಬರೆಸಿಟ್ಟುಕೊಳ್ಳಿ.

ಮಂಪರು ಬರಿಸುವ ಔಷಧಿ ಕೊಡುತ್ತಾರಾ? ಹಾಗಿದ್ದರೆ ದಯವಿಟ್ಟು ಒಬ್ಬರೇ ಹೋಗಬೇಡಿ. ಸಾಮಾನ್ಯವಾಗಿ 24 ಗಂಟೆ ಗಾಡಿ ಓಡಿಸಬಾರದು ಅನ್ನುತ್ತಾರೆ. ಹಾಗಾಗಿ ನೀವೇ ಓಡಿಸುವ ಬಾಡಿಗೆ ಕಾರು ಸುಮ್ನೆ ದಂಡ. ಕ್ಲಿನಿಕ್ಕಿನವರೇ ಕಾರು ಕಳಿಸಿದರೆ ಒಪ್ಪಿಕೊಳ್ಳಿ. ವಾಪಸ್ಸೂ ಬಿಡುತ್ತಾರಾ ಅಂತ ಮೊದಲೇ ಕೇಳಿ.

ನನ್ನನ್ನು ಕೇಳಿದರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಕ್ಲಿನಿಕ್ ಹತ್ತಿರವೇ ರೂಮು ಹಿಡಿಯಿರಿ. ರಾತ್ರಿ ರಕ್ತ ನಿಲ್ಲದಿದ್ದರೆ ಕ್ಲಿನಿಕ್ ಹತ್ತಿರ ಇರೋದೇ ದೊಡ್ಡ ಧೈರ್ಯ.