ಹಿಟ್ ಕೌಂಟರ್ ತಪ್ಪು ಲೆಕ್ಕ: ಫೈಲ್, ಡೇಟಾಬೇಸ್, ಜಾವಾಸ್ಕ್ರಿಪ್ಟ್ ಮೂರನ್ನೂ ಹಾಕಿ ನೋಡಿದೆ

ಬೆಳಿಗ್ಗೆ ನನ್ನ ಸೈಟಿನ ಕೌಂಟರ್ 4,812 ತೋರಿಸುತ್ತಿತ್ತು. ಮಧ್ಯಾಹ್ನ ನೋಡಿದರೆ 3. ಬಂದುಹೋದವರ ಲೆಕ್ಕ ಇಳಿಯುವುದು ಹೇಗೆ? ಅದು ತಲೆಗೆ ಹೊಕ್ಕ ಮೇಲೆ ಸುಮ್ನೆ ಕೂರಲಾಗಲಿಲ್ಲ. ಮೂರು ಬಗೆಯ ಕೌಂಟರ್‌ಗಳನ್ನು ಒಂದೇ ಪುಟಕ್ಕೆ ಹಾಕಿ ಎಣಿಸಲು ಬಿಟ್ಟೆ.

ಮೊದಲನೆಯದು ಅದೇ ಹಳೇ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಭಾಷೆ) ಸ್ಕ್ರಿಪ್ಟ್. ಟೆಕ್ಸ್ಟ್ ಫೈಲಿನಿಂದ ಸಂಖ್ಯೆ ಓದುತ್ತದೆ, ಒಂದು ಕೂಡಿಸುತ್ತದೆ, ವಾಪಸ್ ಬರೆಯುತ್ತದೆ. ಒಬ್ಬರೇ ಕೂತು ರಿಫ್ರೆಶ್ ಮಾಡಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಹಾಗಾಗಿ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಸರ್ವರ್ ಮೇಲೆ ಒತ್ತಡ ಹಾಕಿ ನೋಡುವ ಅಪಾಚೆ ಬೆಂಚ್ ಎಂಬ ಟೂಲ್‌ನಿಂದ 1000 ರಿಕ್ವೆಸ್ಟ್‌ಗಳನ್ನು ಒಟ್ಟೊಟ್ಟಿಗೆ 20ರಂತೆ ಕಳಿಸಿದೆ. ಒಂದು ಸಲ 212 ಬಂತು, ಮತ್ತೊಂದು ಸಲ 57! ಇಬ್ಬರು ಒಂದೇ ಗಳಿಗೆಗೆ 100 ಓದಿದರೆ ಇಬ್ಬರೂ 101 ಬರೆಯುತ್ತಾರೆ. ಅಲ್ಲಿಗೆ ಒಂದು ಭೇಟಿ ಹೋಯಿತು. ಇನ್ನೂ ದೊಡ್ಡ ಏಟು ಬೇರೆ ಕಡೆ ಇದೆ. ಬರೆಯಲೆಂದು ‘ಡಬ್ಲ್ಯು’ ಮೋಡ್‌ನಲ್ಲಿ ತೆರೆದ ಕೂಡಲೇ ಫೈಲ್ ಖಾಲಿಯಾಗುತ್ತದೆ. ಹೊಸ ಸಂಖ್ಯೆ ಬರೆಯುವ ಮೊದಲೇ ಇನ್ನೊಬ್ಬರು ಓದಿದರೆ ಏನೂ ಸಿಗದು. ಎಣಿಕೆ ಮತ್ತೆ 1ರಿಂದ ಶುರು. ನನ್ನ 4,812 ಹೋಗಿದ್ದು ಹೀಗೆ.

ಬರೆಯುವಾಗ ಮಾತ್ರ ಲಾಕ್ ಹಾಕಿ ನೋಡಿದೆ, ಅಂದರೆ ಒಬ್ಬರ ಕೆಲಸ ಮುಗಿಯುವವರೆಗೆ ಉಳಿದವರು ಕಾಯುವಂತೆ. ಆಗಲೂ ಭೇಟಿಗಳು ತಪ್ಪಿಹೋದವು, ಓದುವ ಕೆಲಸ ಲಾಕ್‌ನ ಹೊರಗೇ ಉಳಿದಿತ್ತಲ್ಲ! ಫೈಲನ್ನು, ತೆರೆದಾಗ ಖಾಲಿಯಾಗದ ‘ಸಿ ಪ್ಲಸ್’ ಮೋಡ್‌ನಲ್ಲಿ ತೆರೆದು, ಮೊದಲು ಲಾಕ್ ಹಾಕಿ, ಆಮೇಲೆ ಓದಿ, ಖಾಲಿ ಮಾಡಿ, ಬರೆದು, ಕೊನೆಗೆ ಲಾಕ್ ಬಿಡುವಂತೆ ಬದಲಿಸಿದೆ. ಆಗ ಸಾವಿರಕ್ಕೆ ಸಾವಿರವೂ ಬಂತು.

ಡೇಟಾಬೇಸ್‌ನಲ್ಲಿ ಇಷ್ಟು ಒದ್ದಾಟವಿಲ್ಲ. ಮೈಎಸ್‌ಕ್ಯೂಎಲ್‌ಗೆ ‘ಇದ್ದದ್ದಕ್ಕೆ ಒಂದು ಕೂಡಿಸು’ ಎಂದು ಒಂದೇ ಅಪ್‌ಡೇಟ್ ಕ್ವೆರಿಯಲ್ಲಿ ಹೇಳಿದರೆ ಸಾಕು. ಸಾಲಿನ ಲಾಕ್ ಅದೇ ನೋಡಿಕೊಳ್ಳುತ್ತದೆ. ಸೆಲೆಕ್ಟ್ ಕ್ವೆರಿಯಿಂದ ಸಂಖ್ಯೆ ಓದಿ, ಪಿಎಚ್‌ಪಿಯಲ್ಲಿ ಕೂಡಿಸಿ, ಮತ್ತೆ ಬರೆಯಲು ಹೋದರೆ ಮಾತ್ರ ಅದೇ ಹಳೇ ಕಾಯಿಲೆ.

ಈಗ ಎರಡೂ ಸರಿಯಾಗಿ ಎಣಿಸುತ್ತಿವೆ ಅಂದುಕೊಂಡೆ. ಆದರೆ ನಾನೊಬ್ಬನೇ ಹೊಸ ಬ್ರೌಸರ್‌ನಲ್ಲಿ ಒಮ್ಮೆ ಪುಟ ತೆರೆದರೂ ಎರಡು ಏರುತ್ತಿತ್ತು. ಸರ್ವರ್‌ಗೆ ಬಂದ ರಿಕ್ವೆಸ್ಟ್‌ಗಳೆಲ್ಲ ದಾಖಲಾಗುವ ಆಕ್ಸೆಸ್ ಲಾಗ್ ತೆಗೆದಾಗ ಕಾರಣ ಸಿಕ್ಕಿತು. ಇಲ್ಲದ ಫೈಲ್ ಯಾವುದನ್ನು ಕೇಳಿದರೂ ನನ್ನ ಸೈಟ್ ಮುಖಪುಟದ ಸ್ಕ್ರಿಪ್ಟನ್ನೇ ಓಡಿಸುತ್ತಿತ್ತು. ಬ್ರೌಸರ್ ತಾನಾಗಿಯೇ ಫೇವಿಕಾನ್ (ಟ್ಯಾಬ್‌ನಲ್ಲಿ ಕಾಣುವ ಸೈಟಿನ ಪುಟ್ಟ ಚಿತ್ರ) ಕೇಳುತ್ತದೆ, ನಾನು ಅದನ್ನು ಇಟ್ಟೇ ಇರಲಿಲ್ಲ. ಒಂದು ಪುಟ್ಟ ಐಕಾನ್ ಫೈಲ್ ಹಾಕಿದೆ, ಲೆಕ್ಕ ಅರ್ಧಕ್ಕಿಳಿಯಿತು. ಅದಾದ ಮೇಲೂ ಸರ್ಚ್ ಎಂಜಿನ್‌ಗಳ ಬಾಟ್‌ಗಳು (ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳು) ಎಣಿಕೆಯಲ್ಲಿ ಉಳಿದೇ ಇದ್ದವು. ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಪುಟ ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ ಬಂದರೆ ಪಿಎಚ್‌ಪಿ ಓಡುವುದೇ ಇಲ್ಲ, ನಿಜವಾದ ಓದುಗರು ಲೆಕ್ಕಕ್ಕೆ ಸಿಗುವುದಿಲ್ಲ.

ಮೂರನೆಯದು ಜಾವಾಸ್ಕ್ರಿಪ್ಟ್. ಪುಟ ತೆರೆದ ಮೇಲೆ ಬ್ರೌಸರ್‌ನಿಂದ ಸರ್ವರ್‌ಗೆ ಒಂದು ಚಿಕ್ಕ ಪೋಸ್ಟ್ ರಿಕ್ವೆಸ್ಟ್ ಹೋಗುತ್ತದೆ. ಪುಟ ಕ್ಯಾಶ್‌ನಲ್ಲಿದ್ದರೂ ಎಣಿಕೆ ನಿಲ್ಲುವುದಿಲ್ಲ. ಬರೀ ಎಚ್‌ಟಿಎಂಎಲ್ ಎತ್ತಿಕೊಂಡು ಹೋಗುವ ಬಾಟ್‌ಗಳು ಇಲ್ಲಿ ಎಣಿಕೆಗೆ ಬರುವುದೇ ಇಲ್ಲ. ಆ್ಯಡ್ ಬ್ಲಾಕರ್ ಇಟ್ಟುಕೊಂಡ ಕೆಲವರು ತಪ್ಪಿಹೋಗುತ್ತಾರೆ, ನಿಜ. ಅದು ಅವರ ಆಯ್ಕೆ, ಅದನ್ನು ದಾಟಲು ನಾನು ಹೋಗಲಿಲ್ಲ. ಇಲ್ಲದ ಓದುಗರನ್ನು ತೋರಿಸುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದೇ ನನಗೆ ಜಾಸ್ತಿ ಸಮಾಧಾನ.

ಈಗ ಆ ಪೋಸ್ಟ್ ರಿಕ್ವೆಸ್ಟ್ ನೇರವಾಗಿ ಅಪ್‌ಡೇಟ್ ಕ್ವೆರಿಗೆ ಹೋಗುತ್ತದೆ. ಟೆಕ್ಸ್ಟ್ ಫೈಲ್ ಕೌಂಟರನ್ನು ತೆಗೆದುಬಿಟ್ಟೆ. ಅದರಲ್ಲಿ ಸೇರಿದ್ದ ಹಳೇ ಲೆಕ್ಕವನ್ನು ಹೊಸದಕ್ಕೆ ಕೂಡಿಸಲಿಲ್ಲ, ಟೇಬಲ್ ಸೊನ್ನೆಯಿಂದಲೇ ಶುರುವಾಗಿದೆ.