ಎಸ್‌ಎಸ್‌ಬಿ ತರಬೇತಿ ಕೇಂದ್ರ: ಮೈದಾನ ಚೆನ್ನಾಗಿದೆ, ಸಿದ್ಧ ಕಥೆಗಳು ಬೇಡ

ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಸೇರಬಯಸುವ ಮಕ್ಕಳ ಮನೆಗಳಲ್ಲಿ, ಯುಪಿಎಸ್‌ಸಿ ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಏಳುವ ಪ್ರಶ್ನೆ, ಸೇನಾಧಿಕಾರಿಗಳನ್ನು ಆರಿಸುವ ಸೇವಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನಕ್ಕೆ ಕೋಚಿಂಗ್ ಬೇಕೇ ಎಂಬುದು. ಲಿಖಿತ ಪರೀಕ್ಷೆಗೆ 900 ಅಂಕಗಳಿದ್ದರೆ ಎಸ್‌ಎಸ್‌ಬಿಗೂ ಅಷ್ಟೇ ಅಂಕಗಳಿರುವುದರಿಂದ ಈ ಆತಂಕ ಸಹಜವೇ. ದ್ವಿತೀಯ ಪಿಯುಸಿ ಮುಗಿಸಿದ ನನ್ನ ಮಗ, ಬೆಂಗಳೂರಿನ ಹೊರವಲಯದಲ್ಲಿ ನಿವೃತ್ತ ಸೇನಾಧಿಕಾರಿಗಳು ನಡೆಸುವ ಕೇಂದ್ರವೊಂದರಲ್ಲಿ ಎರಡು ವಾರಗಳ ವಸತಿ ಸಹಿತ ತರಬೇತಿ ಪಡೆದ. ಈಗ ಅವನ ಹೆಸರು ಆಯ್ಕೆ ಪಟ್ಟಿಯಲ್ಲಿದೆ. ಆದರೆ ಅದರ ಶ್ರೇಯಸ್ಸನ್ನೆಲ್ಲ ಆ ಕೇಂದ್ರಕ್ಕೆ ಕೊಡಲು ನಾನು ಸಿದ್ಧನಿಲ್ಲ. ಇಂಥ ಕೇಂದ್ರಗಳ ನಡೆ ಹೆಚ್ಚುಕಡಿಮೆ ಒಂದೇ ಬಗೆಯದಾದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಿಸಿದ್ದು ಅಲ್ಲಿನ ಮೈದಾನವನ್ನು ಕಂಡಾಗ. ಎಸ್‌ಎಸ್‌ಬಿಯ ಗುಂಪು ಪರೀಕ್ಷೆಗಳಲ್ಲಿ ಹಲಗೆ, ಹಗ್ಗ ಮತ್ತು ಮರದ ಗಳವನ್ನಷ್ಟೇ ಬಳಸಿಕೊಂಡು, ನಿಷಿದ್ಧ ಬಣ್ಣದ ಭಾಗಗಳನ್ನು ಮುಟ್ಟದೆ, ನೆಲಕ್ಕೆ ಕಾಲಿಡದೆ ಇಡೀ ತಂಡ ಆಚೆಗೆ ದಾಟಬೇಕು. ಇದನ್ನು ಪುಸ್ತಕದಲ್ಲಿ ಓದಿ ಅರಗಿಸಿಕೊಳ್ಳಲು ಆಗುವುದಿಲ್ಲ. ಭಾನುವಾರ ಪೋಷಕರನ್ನು ಒಳಗೆ ಬಿಟ್ಟಿದ್ದರು. ಹಲಗೆಯ ತುದಿಯಲ್ಲಿ ನಿಂತ ಹುಡುಗನೊಬ್ಬ ಉಳಿದವರಿಗೆಲ್ಲ ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದ. ಹಗ್ಗ ಹಿಡಿದಿದ್ದ ಸಣಕಲು ಹುಡುಗ ಮಾತ್ರ ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದ. ಕೊಡಗಿನವರಾದ ಹಿರಿಯ ಕರ್ನಲ್ ಸಾಹೇಬರು ಸ್ಟಾಪ್‌ವಾಚ್ ನಿಲ್ಲಿಸಿ, "ಕೂಗಿದ್ದು ಸಾಕಪ್ಪಾ, ಹಗ್ಗ ಯಾರ ಕೈಲಿದೆ ನೋಡು, ಅವನ ಹತ್ತಿರ ಉಪಾಯ ಇದೆ, ಕೇಳು" ಎಂದರು. ಮುಂದಾಳತ್ವವೆಂದರೆ ಏರುದನಿ ಎಂದುಕೊಂಡು ಬಂದ ಮಕ್ಕಳಿಗೆ ಈ ಒಂದು ಮಾತು ಇಡೀ ದಿನದ ಉಪನ್ಯಾಸಕ್ಕಿಂತ ಹೆಚ್ಚು ಕಲಿಸಿರಬೇಕು.

ಗುಂಪು ಚರ್ಚೆಯ ಅಭ್ಯಾಸವೂ ಉಪಯುಕ್ತವೇ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವಾಗ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಲಿಖಿತ ಹಂತವನ್ನು ದಾಟುವುದೇ ಸಾಹಸ. ಅದಾದ ಮೇಲೆ ಅಪರಿಚಿತರ ನಡುವೆ ಬಾಯಿ ಬಿಡುವುದು ಇನ್ನೊಂದು ಸಾಹಸ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲಿ ಮಸುಕಾದ ಚಿತ್ರವೊಂದನ್ನು ಅರ್ಧ ನಿಮಿಷ ನೋಡಿ, ಕಥೆ ಬರೆದು, ಅದನ್ನು ಗುಂಪಿನ ಮುಂದೆ ಹೇಳಿ ಚರ್ಚಿಸಬೇಕಾಗಿದ್ದು, ಅನೇಕರು ಅಲ್ಲಿಂದಲೇ ಊರಿಗೆ ಮರಳುತ್ತಾರೆ. ಇದನ್ನು ಕೇಂದ್ರದಲ್ಲಿ ದಿನವೂ ಮಾಡಿಸಿದ್ದರಿಂದ ಮಗನ ತೊದಲು ಕಡಿಮೆಯಾಯಿತು.

ನನ್ನ ತಕರಾರು ಇರುವುದು ಮನೋವೈಜ್ಞಾನಿಕ ಪರೀಕ್ಷೆಗಳ ತರಬೇತಿಯ ಬಗ್ಗೆ. ಚಿತ್ರ ನೋಡಿ ಕಥೆ ಬರೆಯುವುದು, ಪ್ರತಿ ಪದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ ಬರೆಯುವುದು, ಅರ್ಧ ಗಂಟೆಯಲ್ಲಿ 60 ಸನ್ನಿವೇಶಗಳಿಗೆ ಪ್ರತಿಕ್ರಿಯಿಸುವುದು, ಇವೆಲ್ಲ ಅಭ್ಯರ್ಥಿಗೆ ಯೋಚಿಸಿ ಬಣ್ಣ ಹಚ್ಚಲು ಪುರುಸೊತ್ತು ಸಿಗದಂತೆ ರೂಪಿಸಿದ ಪರೀಕ್ಷೆಗಳು. ಕೇಂದ್ರದವರು ಇದಕ್ಕೆ ಕಂಡುಕೊಂಡ ಪರಿಹಾರ ಒಂದು ಜೆರಾಕ್ಸ್ ಪುಸ್ತಕ. ಅದರ ಪ್ರತಿ ಕಥೆಯಲ್ಲೂ ನಾಯಕ ಯುವ ಎಂಜಿನಿಯರ್ ಇಲ್ಲವೇ ವೈದ್ಯ. ಹಳ್ಳಿಗೆ ಪ್ರವಾಹ ಬರುತ್ತದೆ, ಆತ ಗೆಳೆಯರನ್ನು ಕೂಡಿಸುತ್ತಾನೆ, ಚಂದಾ ಎತ್ತುತ್ತಾನೆ, ಕೊನೆಗೆ ಜಿಲ್ಲಾಧಿಕಾರಿಗಳಿಂದ ಸನ್ಮಾನ. ಇಡೀ ತಂಡಕ್ಕೆ ಅದೇ ಪುಸ್ತಕ. ಎಸ್‌ಎಸ್‌ಬಿಯಲ್ಲಿ ಮನೋವಿಜ್ಞಾನಿ, ಗುಂಪು ಪರೀಕ್ಷಾಧಿಕಾರಿ ಮತ್ತು ಸಂದರ್ಶನಾಧಿಕಾರಿ ಪ್ರತ್ಯೇಕವಾಗಿ ಅಳೆದು, ಐದನೆಯ ದಿನದ ಸಮಾಲೋಚನೆಯಲ್ಲಿ ತಮ್ಮ ಅಭಿಪ್ರಾಯಗಳನ್ನು ಒಟ್ಟಿಗೆ ಇಡುತ್ತಾರೆ. ಕಾಗದದ ಮೇಲೆ ಊರನ್ನೇ ಉದ್ಧರಿಸಿದ ಹುಡುಗ ಮೈದಾನದಲ್ಲಿ ಪಕ್ಕದವನಿಗೆ ನೆರವಾಗದೆ ನಿಂತರೆ, ಬಾಯಿಪಾಠ ಮಾಡಿದ ಕಥೆ ಅವನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ. ಮಗ ಆ ಪುಸ್ತಕವನ್ನು ಬದಿಗಿಟ್ಟು, ತಾನು ಕಂಡ ಶಾಲೆ, ಹೊಲ, ಬಸ್‌ಸ್ಟ್ಯಾಂಡುಗಳಿಂದಲೇ ಕಥೆ ಕಟ್ಟಿದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅನಿಸಿಕೆ.

ಊಟ ಸಾಧಾರಣ, ಕೋಣೆಗಳು ಸ್ವಚ್ಛ, ಸ್ನಾನಕ್ಕೆ ಸಾಲು ನಿಲ್ಲಬೇಕು. ಅಕಾಡೆಮಿಗೆ ಹೊರಟವರಿಗೆ ಇದು ದೂರಿನ ವಿಷಯವಲ್ಲ.

ಆಯ್ಕೆಯಾದ ನಂತರದ ಸಿದ್ಧತೆಗೆ ಈ ಕೇಂದ್ರದಲ್ಲಿ ಜಾಗವೇ ಇಲ್ಲ, ಗೋಡೆಯ ಮೇಲೆ ಫೋಟೋ ಹಾಕುವುದನ್ನು ಬಿಟ್ಟರೆ. ಮುಂದಿನದು ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಆಯಾ ಪಡೆಯ ಅಕಾಡೆಮಿ: ಭೂಸೇನೆಯವರಿಗೆ ಡೆಹ್ರಾಡೂನ್, ನೌಕಾಪಡೆಯವರಿಗೆ ಎಳಿಮಲ, ವಾಯುಪಡೆಯವರಿಗೆ ದುಂಡಿಗಲ್. ಯುಪಿಎಸ್‌ಸಿಯ ಅಧಿಸೂಚನೆಯೇ 2.4 ಕಿಲೋಮೀಟರ್ ಓಟವನ್ನು 15 ನಿಮಿಷದಲ್ಲಿ ಮುಗಿಸಲು, ಕನಿಷ್ಠ 20 ಪುಷ್‌ಅಪ್, 20 ಸಿಟ್‌ಅಪ್, 8 ಚಿನ್‌ಅಪ್ ತೆಗೆಯಲು, ಹಗ್ಗ ಹತ್ತಲು ಅಭ್ಯಾಸ ಮಾಡಿಕೊಳ್ಳಿ ಎನ್ನುತ್ತದೆ. ಇದನ್ನು ಊರಿನ ಶಾಲಾ ಮೈದಾನದಲ್ಲಿ ಬಿಡಿಗಾಸಿಲ್ಲದೆ ಮಾಡಬಹುದು. ಮಗ ಮಾಡುತ್ತಿರುವುದೂ ಅದನ್ನೇ, ಜೊತೆಗೆ ಈಜು. ನೀರಿಗಿಳಿಯದ ಹುಡುಗರು ಅಕಾಡೆಮಿಗೆ ಹೋಗಿ ಹೊಸದಾಗಿ ಹೆದರುವುದಕ್ಕಿಂತ ಇಲ್ಲಿಯೇ ಕಲಿತು ಹೋಗುವುದು ಮೇಲು.

ಬಾಯಲ್ಲಿ ಮಾತು ಹೊರಡದವರು, ಗುಂಪಿನಲ್ಲಿ ಹಿಂದೆ ಸರಿಯುವವರು ಎರಡು ವಾರ ಹೋಗಿ ಬರಲಿ. ಸೈನಿಕ ಶಾಲೆಯಲ್ಲೋ ಎನ್‌ಸಿಸಿಯಲ್ಲೋ ಪಳಗಿದವರಿಗೆ ಅಗತ್ಯವಿಲ್ಲ. ಶುಲ್ಕ ಕಟ್ಟುವ ಮುನ್ನ ಕಣ್ಣು, ಕಿವಿ, ಹಲ್ಲುಗಳನ್ನು ವೈದ್ಯರಿಗೆ ತೋರಿಸಿ. ವೈದ್ಯಕೀಯ ತಪಾಸಣೆಯಲ್ಲಿ ಹಲ್ಲುಗಳಿಗೇ ಕನಿಷ್ಠ 14 ಡೆಂಟಲ್ ಪಾಯಿಂಟ್ (ಗಟ್ಟಿಯಾಗಿರುವ ಹಲ್ಲುಗಳಿಗೆ ಕೊಡುವ ಅಂಕ) ಬೇಕು. ಮಗನ ತಂಡದಲ್ಲಿದ್ದ ಹುಡುಗನೊಬ್ಬನಿಗೆ ಬಣ್ಣ ಗುರುತಿಸುವ ತೊಂದರೆಯಿದ್ದದ್ದು ತರಬೇತಿಯ ಕೊನೆಯ ವಾರದಲ್ಲಿ ಗೊತ್ತಾಯಿತು. ದಾಖಲಾತಿಯ ಅರ್ಜಿಯಲ್ಲಿ ಆ ಬಗ್ಗೆ ಒಂದು ಕಾಲಮ್ ಕೂಡ ಇರಲಿಲ್ಲ, ಮತ್ತು ಕಟ್ಟಿದ ಹಣವನ್ನು ಅವರು ಹಿಂದಿರುಗಿಸಲೂ ಇಲ್ಲ.